ಮೂರನೇ ಮನೆಯ ಇಪ್ಪತ್ತೆರಡು ಚೀಲ

ತಡವಾಗಿ ಕೊಡುವ ಹಣಕ್ಕೆ ಬಡ್ಡಿ ಸೇರಿಸಿ ಕೊಡುತ್ತೇನೆ ಎಂದರೂ ಬೇಡ ಎನ್ನುವ ಮನುಷ್ಯನನ್ನು ನಾನು ನೋಡಿದ್ದು ಎಪ್ಪತ್ತೊಂದನೇ ವಯಸ್ಸಿನಲ್ಲಿ. ಅಂಥವರು ಇದ್ದಾರೆ ಎಂದು ಮೊದಲೇ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ನಾನು ಬನಹಟ್ಟಿಯಲ್ಲೇ ಹುಟ್ಟಿ, ಬನಹಟ್ಟಿಯಲ್ಲೇ ಮದುವೆಯಾಗಿ, ಮಗ್ಗದ ಸದ್ದಿಗೆ ಅರ್ಧ ಕಿವಿ ಕೊಟ್ಟವಳು. ನಮ್ಮ ಓಣಿಯಲ್ಲಿ ನೂಲು ಉದ್ರಿ, ಬಣ್ಣ ಉದ್ರಿ, ಮಗಳ ಮದುವೆಯ ಅಕ್ಕಿಯೂ ಉದ್ರಿ. ಉದ್ರಿಯ ಹಿಂದೆಯೇ ಬಡ್ಡಿ ಬಂದು ಕಟ್ಟೆಯ ಮೇಲೆ ಕೂರುತ್ತದೆ. ಅದನ್ನು ಯಾರೂ ತಪ್ಪು ಎಂದುಕೊಂಡಿರಲಿಲ್ಲ.

ಆ ಮನುಷ್ಯ ಬೇರೆ ಯಾರೂ ಅಲ್ಲ, ನನ್ನ ಗೆಳತಿಯ ಮಗ. ಗೆಳತಿ ರಬಕವಿಯ ಮುಸಲ್ಮಾನರ ಮನೆಯವಳು. ಲಂಗ ಉಡುವ ವಯಸ್ಸಿನಲ್ಲಿ ನಾವಿಬ್ಬರೂ ಒಂದೇ ಕಾರ್ಖಾನೆಯಲ್ಲಿ ಕಂಡಿಕೆಗೆ ನೂಲು ಸುತ್ತಿದವರು. ಅವಳ ಮಗ ಮೊದಲು ಗೌಂಡಿಗಳಿಂದ ಗಾರೆ ಕೆಲಸ ಮಾಡಿಸುತ್ತಿದ್ದ. ಈಗ ಜಮಖಂಡಿ ರಸ್ತೆಗೆ ಎಂಟು ಮನೆಗಳ ಒಂದು ಸಾಲು ಕಟ್ಟಿ ಮಾರುವ ಕೆಲಸ ಹಿಡಿದಿದ್ದ. ಅದರಲ್ಲಿ ಐದನೆಯದು ನಮ್ಮದು.

ನಾವಿದ್ದದ್ದು ಬಾಡಿಗೆ ಮನೆ. ಮಾಲೀಕರ ಮನೆಯಲ್ಲಿ ಮದುವೆ ನಿಶ್ಚಯವಾಗಿತ್ತು. ಕಾರಹುಣ್ಣಿಮೆಯೊಳಗೆ ಮನೆ ಬಿಟ್ಟುಕೊಡಿ ಎಂದು ಮೊದಲೇ ಹೇಳಿದ್ದರು. ನನ್ನ ಮಗ ಸೀರೆ ಗಂಟು ಹೊತ್ತ ಟೆಂಪೊ ಓಡಿಸಿಕೊಂಡು ಮುಧೋಳ, ಬೀಳಗಿ ಎಂದು ತಿರುಗುವವನು. ಮನೆಯಲ್ಲಿ ಇರುವುದು ನಾನು ಮತ್ತು ಸೊಸೆ. ಎರಡು ಪವರ್‌ಲೂಮ್ ಮಾರಿ ಅದರ ದುಡ್ಡನ್ನು ಮನೆಗೆ ಹಾಕುವುದೆಂದು ತೀರ್ಮಾನವಾಯಿತು. ಮಗ್ಗ ಕೊಂಡ ಮುಧೋಳದವನು ಅರ್ಧ ದುಡ್ಡು ಕೊಟ್ಟ. ಇನ್ನರ್ಧ ಯುಗಾದಿ ಮುಗಿದ ಮೇಲೆ ಎಂದ. ಯುಗಾದಿ ಮುಗಿಯಿತು, ದುಡ್ಡು ಬರಲಿಲ್ಲ.

ಅಷ್ಟು ಹೊತ್ತಿಗೆ ನಮ್ಮ ಮನೆಯ ಗೋಡೆಗಳು ಎದ್ದಿದ್ದವು. ಸ್ಲ್ಯಾಬಿಗೆ ಕಬ್ಬಿಣ ಕಟ್ಟಿ, ಕೆಳಗೆ ಸೆಂಟ್ರಿಂಗ್ ತಗಡು ಹೊಂದಿಸಿ ಇಟ್ಟಿದ್ದರು. ಸಿಮೆಂಟ್ ಕಲಸಿ ಸುರಿದರೆ ತಲೆಯ ಮೇಲೆ ಸೂರು. ಮೂವತ್ತು ಚೀಲ ಸಿಮೆಂಟ್ ನಮ್ಮ ಪಾಲಿಗೆ ಬಂದು ಬಿದ್ದಿತ್ತು. ಇನ್ನೂ ಇಪ್ಪತ್ತೆರಡು ಚೀಲ ಬೇಕಿತ್ತು. ನಾನು ದಿನಾ ಹೋಗಿ ನೋಡುತ್ತಿದ್ದೆ. ಒಂದು ದಿನ ಗೌಂಡಿಗಳೆಲ್ಲ ಏಳನೇ ಮನೆಗೆ ಹೋಗಿದ್ದರು, ನಮ್ಮ ತಗಡಿನ ಮೇಲೆ ಒಂದು ನಾಯಿ ಮಲಗಿತ್ತು.

ಕಾಂಟ್ರಾಕ್ಟರನನ್ನು, ಅಂದರೆ ಗೆಳತಿಯ ಮಗನನ್ನು, ಅಲ್ಲೇ ಹಿಡಿದೆ. ಚಿಕ್ಕಂದಿನಿಂದಲೂ ಅವನಿಗೆ ನಾನು ಮೌಶಿ, ತಾಯಿಯ ತಂಗಿಯಂತೆ.

"ಮೌಶಿ, ನಿಮ್ಮ ಖಾತೆದಾಗಿನ ರೊಕ್ಕ ಮುಗದೈತಿ," ಎಂದ. "ನೀವು ತುಂಬೂತನಕ ಐದನೇ ಮನಿ ಕೆಲಸ ನಿಂತಿರತೈತಿ. ಗಡಿಬಿಡಿ ಇಲ್ಲ, ಆದಾಗ ತುಂಬ್ರಿ."

"ನೂರಕ್ಕ ಎರಡರಂಗ ಬಡ್ಡಿ ಹಿಡಿಯಪಾ," ಎಂದೆ. "ಕೆಲಸ ಮಾತ್ರ ನಿಲ್ಲಸಬ್ಯಾಡ."

"ಬಡ್ಡಿ ನಮಗ ಹರಾಮ್ ಐತಿ. ನೀವು ಕೊಟ್ರೂ ನಾ ತಗೊಳ್ಳಾಂಗಿಲ್ಲ."

ನಾನು ಅವನ ಮುಖವನ್ನೇ ನೋಡಿದೆ. ಚಿಕ್ಕವನಿದ್ದಾಗ ನನ್ನ ಮನೆಯ ಶೇಂಗಾ ಹೋಳಿಗೆ ಕದ್ದು ಚಡ್ಡಿ ಕಿಸೆಯಲ್ಲಿ ತುಂಬಿಕೊಂಡವನು. ಈಗ ಕೈಗೆ ಬಂದ ಬಡ್ಡಿ ಬೇಡ ಅನ್ನುತ್ತಾನೆ. ಹಾಗಾದರೆ ಬ್ಯಾಂಕಿನಿಂದ ಸಾಲ ಎತ್ತಿ ನಡೆಸು ಎಂದೆ. ಬ್ಯಾಂಕಿನ ಸಾಲಕ್ಕೂ ಬಡ್ಡಿ ಇರುವುದಲ್ಲ, ಕೊಡುವುದೂ ತಪ್ಪು, ತಗೊಳ್ಳುವುದೂ ತಪ್ಪು ಎಂದ. ತನ್ನ ದುಡ್ಡು, ತನ್ನ ಭಾವನ ದುಡ್ಡು ಹಾಕಿ ಜಾಗ ಕೊಂಡಿದ್ದಾರಂತೆ. ಲಾಭ ಬಂದರೆ ಇಬ್ಬರಿಗೂ, ಹಾನಿಯಾದರೆ ಇಬ್ಬರಿಗೂ. ಕೂಲಿಯವರ ಪಗಾರಿಗೆಂದು ಬೇರೆ ಗಂಟು ತೆಗೆದಿಟ್ಟಿದ್ದಾನೆ, ಅದನ್ನು ಮುಟ್ಟುವುದಿಲ್ಲ. ಮನೆ ಕೊಳ್ಳುವವರು ಬುನಾದಿಗೆ ಇಷ್ಟು, ಗೋಡೆಗೆ ಇಷ್ಟು, ಸ್ಲ್ಯಾಬಿಗೆ ಇಷ್ಟು ಎಂದು ಕೊಡಬೇಕು. ಒಬ್ಬೊಬ್ಬರ ದುಡ್ಡಿಗೂ ಒಂದೊಂದು ಖಾತೆ. ಆ ಮನೆಯ ದುಡ್ಡು ಆ ಮನೆಗೇ. ಕರಾರಿನಲ್ಲಿ ಹಾಗೆಯೇ ಬರೆದು ಎಲ್ಲರಿಗೂ ಒಂದೊಂದು ಪ್ರತಿ ಕೊಟ್ಟಿದ್ದ. ನಮ್ಮ ಪ್ರತಿ ದೇವರ ಜಗಲಿಯ ಕೆಳಗೆ ಮಡಿಸಿದಂತೆಯೇ ಇತ್ತು. ನಾನು ಓದಿರಲಿಲ್ಲ.

ಮೂರನೇ ಮನೆಯ ಮುಂದೆ ಟಾರ್ಪಾಲಿನ ಕೆಳಗೆ ಸಿಮೆಂಟ್ ಚೀಲಗಳು ಒಂದರ ಮೇಲೊಂದು ಕೂತಿದ್ದವು. ಆ ಮನೆ ಇನ್ನೂ ಕಿಟಕಿಯ ಎತ್ತರಕ್ಕೆ ಇತ್ತು, ಇಟ್ಟಿಗೆ ಬರುವುದು ತಡವಾಗಿತ್ತು. ಅದನ್ನು ತೋರಿಸಿ ಹೇಳಿದೆ, "ಹಂಗಾರ ಆ ಬಿದ್ದ ಚೀಲ ಎತ್ತಿ ನಮಗ ಹಾಕು. ನಮ್ಮದು ಬಂದಮ್ಯಾಲೆ ಅವರಿಗೆ ತುಂಬು. ಯಾರಿಗೆ ಗೊತ್ತಾಕ್ಕೈತಿ?"

ಅವನು ನಕ್ಕ. "ಅದು ಅವರ ಅಮಾನತ್ತು ಮೌಶಿ. ನನ್ನ ಕೈಯಾಗ ಇದ್ರೂ ನನ್ನದಲ್ಲ."

ನಾನು ದಂಗಾಗಿ ಮನೆಗೆ ಬಂದೆ. ಸೊಸೆಗೆ ಹೇಳಿದರೆ ಅವಳೂ ನಂಬಲಿಲ್ಲ. ಇವನು ವ್ಯಾಪಾರ ಮಾಡುತ್ತಾನೋ ಪೂಜೆ ಮಾಡುತ್ತಾನೋ ಎಂದಳು.

ಈಗ ನನ್ನ ಕಸುಬಿನ ಒಂದು ಮಾತು ಹೇಳಬೇಕು. ನೇಕಾರರಿಗೆ ಸಾಹುಕಾರ ನೂಲನ್ನು ತೂಗಿ ಕೊಡುತ್ತಾನೆ, ಸೀರೆಯನ್ನು ತೂಗಿ ತಗೊಳ್ಳುತ್ತಾನೆ. ನಮ್ಮ ಮನೆಗೆ ಇಬ್ಬರು ಸಾಹುಕಾರರ ನೂಲು ಬರುತ್ತಿತ್ತು. ಒಬ್ಬರ ಸೀರೆಗೆ ಸೆರಗಿನ ಹತ್ತಿರ ನೂಲು ಕಡಿಮೆ ಬಿದ್ದರೆ ಇನ್ನೊಬ್ಬರ ಗಂಟಿನಿಂದ ಒಂದು ಲಡಿ ನೂಲು ಎಳೆದು ಮುಗಿಸುತ್ತಿದ್ದೆ. ಮುಂದಿನ ವಾರ ಅವರದಕ್ಕೆ ಇವರದನ್ನು ತುಂಬುತ್ತಿದ್ದೆ. ಮೂವತ್ತು ವರ್ಷ ಹಾಗೆ ನಡೆಯಿತು. ಯಾವ ಸಾಹುಕಾರನ ತಕ್ಕಡಿಗೂ ಅದು ಸಿಗಲಿಲ್ಲ. ಅದು ಕಳವು ಎಂದು ನನಗೆ ಒಮ್ಮೆಯೂ ಅನ್ನಿಸಿರಲಿಲ್ಲ. ಕೈಚಳಕ ಎಂದುಕೊಂಡಿದ್ದೆ, ಹೊಸದಾಗಿ ಬಂದ ಸೊಸೆಗೂ ಕಲಿಸಿದ್ದೆ.

ಅವಳು ಅದಕ್ಕೆ ಬದಲಾಗಿ ನನಗೆ ಫೋನಿನಲ್ಲಿ ಕನ್ನಡ ಟೈಪ್ ಮಾಡುವುದನ್ನು ಕಲಿಸಿದಳು. ಆ ವಾರವಷ್ಟೇ ಕಲಿತಿದ್ದೆ. ಒಂದು ಬೆರಳು, ಒಂದೊಂದು ಅಕ್ಷರ. ನನ್ನ ಮೊದಲ ಸಂದೇಶ ಮಗನಿಗೆ ಹೋಗಬೇಕೆಂದು ಸೊಸೆಯ ಆಸೆ. ಆದರೆ ಅದು ಹೋದದ್ದು ಎಂಟೂ ಮನೆಯ ಕೆಲಸ ನೋಡಿಕೊಳ್ಳುವ ಮೇಸ್ತ್ರಿಗೆ.

ಕಾಂಟ್ರಾಕ್ಟರ್ ಬಳಗದವರ ಮದುವೆಗೆಂದು ಎರಡು ದಿನ ವಿಜಯಪುರಕ್ಕೆ ಹೋಗಿದ್ದ. ಮಧ್ಯಾಹ್ನ ಸೊಸೆ ಮಲಗಿದ್ದಾಗ ನಾನು ಕಟ್ಟೆಯ ಮೇಲೆ ಕೂತು ಟೈಪ್ ಮಾಡಿದೆ. ಐದನೇ ಮನಿ ಸ್ಲ್ಯಾಬ್ ನಾಳೆ ಹಾಕ್ರಿ, ಕಡಿಮಿ ಬಿದ್ದ ಚೀಲ ಮೂರನೇ ಮನಿಯಿಂದ ತಗೋರಿ, ಕಾಂಟ್ರಾಕ್ಟರ್ ಹೇಳ್ಯಾನ. ಇಷ್ಟು ಬರೆಯಲು ಅರ್ಧ ತಾಸು ಹಿಡಿಯಿತು. ಬಾಯಿಂದ ಹೇಳಿದ್ದರೆ ನನ್ನ ದನಿ ನಡುಗುತ್ತಿತ್ತು, ಮೇಸ್ತ್ರಿಗೆ ಅನುಮಾನ ಬರುತ್ತಿತ್ತು. ಅಕ್ಷರ ನಡುಗುವುದಿಲ್ಲ. ನಾನು ಕಾಂಟ್ರಾಕ್ಟರನ ತಾಯಿಯ ಜೀವದ ಗೆಳತಿ ಎಂಬುದು ಮೇಸ್ತ್ರಿಗೆ ಗೊತ್ತಿತ್ತು. ಅವನು ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದ.

ಮರುದಿನ ಬೆಳಗ್ಗೆ ಗ್ಯಾಂಗ್ ಬಂತು, ಮಿಶಿನ್ ತಿರುಗಿತು. ಗ್ಯಾಂಗಿನವರ ಕೂಲಿಯನ್ನು ನನ್ನ ಭಿಶಿಯ ದುಡ್ಡಿನಿಂದ ನಾನೇ ಕೊಟ್ಟೆ. ಓಣಿಯ ಹನ್ನೆರಡು ಹೆಂಗಸರು ತಿಂಗಳಿಗೊಮ್ಮೆ ದುಡ್ಡು ಕೂಡಿಸಿ ಚೀಟಿ ಎತ್ತುತ್ತೇವೆ, ಆ ತಿಂಗಳ ಚೀಟಿ ನನ್ನ ಹೆಸರಿಗೆ ಬಂದಿತ್ತು, ಕೂಲಿಗಷ್ಟೇ ಸಾಕಾಯಿತು. ದೇವರೇ ನನ್ನ ಕಡೆಗಿದ್ದಾನೆ ಎಂದುಕೊಂಡೆ. ಸಂಜೆಯ ಹೊತ್ತಿಗೆ ಸ್ಲ್ಯಾಬ್ ಮುಗಿಯಿತು. ಎಲ್ಲರಿಗೂ ಶಿರಾ ತಿನ್ನಿಸಿದೆ.

ಮೂರನೇ ದಿನ ಕಾಂಟ್ರಾಕ್ಟರ್ ಬಂದ. ಗೇಟಿನಲ್ಲೇ ನಿಂತು ನಮ್ಮ ಸ್ಲ್ಯಾಬನ್ನೂ ಚಪ್ಪಟೆಯಾಗಿ ಬಿದ್ದ ಟಾರ್ಪಾಲನ್ನೂ ನೋಡಿದ. ಮೇಸ್ತ್ರಿ ಫೋನ್ ತೋರಿಸಿದ. ನಾನು ಅವನು ಕೂಗಾಡುತ್ತಾನೆಂದು ಕಾದೆ. ಕೂಗಾಡಿದರೆ ಅತ್ತು, ವಯಸ್ಸಾಯಿತು ಎಂದು ಹೇಳಿ, ಅವನ ತಾಯಿಯ ಆಣೆ ಹಾಕಿ ಮುಗಿಸಬಹುದಿತ್ತು. ಅದೆಲ್ಲ ತಯಾರಿತ್ತು. ಅವನು ಕೂಗಾಡಲಿಲ್ಲ. ಒಂದು ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತ. ಕಿಸೆಯಿಂದ ಫೋನ್ ತೆಗೆದು, ನನ್ನ ಮುಂದೆಯೇ, ಮೂರನೇ ಮನೆಯ ಮಾಲೀಕರಿಗೆ ಹಚ್ಚಿದ. ನನಗೂ ಕೇಳಲಿ ಎಂದು ಸ್ಪೀಕರ್ ಹಾಕಿದ.

ಯಾರಿಗೂ ಗೊತ್ತಿಲ್ಲದ್ದನ್ನು ಇವನು ತಾನಾಗಿಯೇ ಹೇಳುತ್ತಿದ್ದಾನೆ. ನಿಮ್ಮ ಇಪ್ಪತ್ತೆರಡು ಚೀಲ ನಿಮ್ಮನ್ನು ಕೇಳದೆ ಬೇರೆ ಮನೆಗೆ ಹೋಗಿವೆ, ನಾನು ಊರಲ್ಲಿ ಇರಲಿಲ್ಲ, ಆದರೂ ಜವಾಬ್ದಾರಿ ನನ್ನದು ಎಂದ. ನನ್ನ ಮಾತು ಎತ್ತಲಿಲ್ಲ. ಅಷ್ಟೇ ಆಗಿದ್ದರೆ ಸರಿ. ಮುಂದೆ ಇನ್ನೊಂದು ಹೇಳಿದ. ಕರಾರಿನ ಪ್ರಕಾರ ನಿಮಗೆ ಮನೆ ಬೇಡವೆನ್ನುವ ಹಕ್ಕು ಇದೆ, ತುಂಬಿದ ಅಷ್ಟೂ ದುಡ್ಡು ವಾಪಸ್ ಕೊಡುತ್ತೇನೆ ಎಂದ.

ಆ ಮನುಷ್ಯ ಹೌದು ಎಂದರೆ ಇವನು ಎಲ್ಲಿಂದ ಅಷ್ಟು ದುಡ್ಡು ತರಬೇಕು? ಸಾಲ ಎತ್ತುವುದಿಲ್ಲ, ಬೇರೆಯವರ ಖಾತೆ ಮುಟ್ಟುವುದಿಲ್ಲ. ಅವನ ಸ್ವಂತ ಗಂಟು ಖಾಲಿಯಾದರೆ ಎಂಟೂ ಮನೆ ನಿಲ್ಲುತ್ತವೆ. ಕಾರಹುಣ್ಣಿಮೆಗೆ ನಾವು ಬೀದಿಗೆ.

ಫೋನಿನಲ್ಲಿ ಒಂದು ವಯಸ್ಸಾದ ದನಿ ನಾಳೆ ಬರುತ್ತೇನೆ ಎಂದಿತು.

ಅವನು ಎದ್ದು ಹೋಗುವಾಗ ನಾನು ಕೇಳಿದೆ, ಇಷ್ಟೆಲ್ಲ ಯಾಕೆ ಹೇಳಬೇಕಿತ್ತು ಎಂದು. "ಅವರು ದೂರ ಅದಾರ ಅಂತನ ನನ್ನ ನಂಬ್ಯಾರ ಮೌಶಿ," ಎಂದಷ್ಟೇ ಹೇಳಿದ.

ಆ ರಾತ್ರಿ ನಾನು ಉಣ್ಣಲಿಲ್ಲ. ಸೊಸೆಗೆ ಎಲ್ಲ ಹೇಳಿದೆ. ಅವಳು ನನ್ನನ್ನು ಬಯ್ಯಲು ಬಾಯಿ ತೆರೆದು, ಲಡಿ ಎಳೆಯುವುದನ್ನು ತಾನೂ ಕಲಿತದ್ದು ನೆನಪಾಗಿ ಮುಚ್ಚಿದಳು.

ಮರುದಿನ ಬಂದವರು ಬೀಳಗಿ ಕಡೆಯವರು. ನನಗಿಂತ ಎರಡು ಮೂರು ವರ್ಷ ಚಿಕ್ಕವರಿರಬೇಕು. ತಲೆಗೆ ಬಿಳಿ ಟೊಪ್ಪಿಗೆ, ಕಂಕುಳಲ್ಲಿ ಒಂದು ಚೀಲ, ಅದರಲ್ಲಿ ಕರಾರಿನ ಪ್ರತಿ. ಅವರು ಅದನ್ನು ಓದಿ ಓದಿ ಮಡಿಕೆಗಳು ಹರಿದಿದ್ದವು. ಆಲಮಟ್ಟಿಯ ಹಿನ್ನೀರಿಗೆ ಅವರ ಊರು ಮುಳುಗಿ ಬಹಳ ವರ್ಷವಾಗಿತ್ತು. ಪುನರ್ವಸತಿಯ ತಗಡಿನ ಮನೆಯಲ್ಲಿ, ಆಮೇಲೆ ಮಗಳ ಮನೆಯಲ್ಲಿ ಇದ್ದು, ಪರಿಹಾರದ ದುಡ್ಡಿನಲ್ಲಿ ಉಳಿಸಿದ್ದನ್ನು ತಂದು ಇಲ್ಲಿ ಹಾಕಿದ್ದರು. ಇದೆಲ್ಲವನ್ನೂ ಅವರು ಬರುವ ಮೊದಲು ಕಾಂಟ್ರಾಕ್ಟರ್ ನನಗೆ ಹೇಳಿದ. ನಾನು ಆ ಚೀಲಗಳನ್ನು ಯಾರೋ ಪಗಾರದಾರರದ್ದು, ದುಡ್ಡು ಹೆಚ್ಚಾದವರದ್ದು ಎಂದುಕೊಂಡಿದ್ದೆ. ಹಾಗೆಂದು ನನಗೆ ಯಾರೂ ಹೇಳಿರಲಿಲ್ಲ.

ಅವರು ತಮ್ಮ ಅರ್ಧ ಗೋಡೆಯ ಒಳಗೆ ಹೋಗಿ ಒಂದು ಸುತ್ತು ಹಾಕಿದರು. ಕಿಟಕಿ ಬರುವ ಜಾಗದಲ್ಲಿ ಕೈ ಇಟ್ಟು ನಿಂತರು. ಹೊರಗೆ ಬಂದು ಯಾರು ಮಾಡಿದ್ದು ಎಂದು ಕೇಳಿದರು. ಕಾಂಟ್ರಾಕ್ಟರ್ ಮತ್ತೆ ಜವಾಬ್ದಾರಿ ನನ್ನದು ಎಂದು ಶುರು ಮಾಡಿದ. ನಾನು ನಡುವೆ ಹೋಗಿ ನಿಂತೆ. ನಾನೇ ಮಾಡಿದ್ದು, ಮೇಸ್ತ್ರಿಗೆ ಸುಳ್ಳು ಬರೆದೆ, ತುಂಬಿಕೊಡುವ ಮನಸ್ಸಿತ್ತು ಎಂದೆ. ನೂಲಿನ ಲಡಿಯ ಕಥೆಯನ್ನೂ ಹೇಳಿದೆ. ಹೇಳುವಾಗ ಅದು ಮೊದಲ ಸಲ ಕೆಟ್ಟದಾಗಿ ಕೇಳಿಸಿತು.

ಅವರು ನನ್ನ ಕಡೆ ತಿರುಗಿದರು.

"ನನ್ನ ಕೇಳದ ನನ್ನ ಮನಿ ತಗೊಂಡದ್ದು ಇದು ಎರಡನೇ ಸಲ ರೀ ಅವ್ವಾರ. ಮೊದಲ ಸಲ ಹೊಳಿ ತಗೊಂತು. ಹೊಳಿಗೆ ನಾ ಏನೂ ಅನ್ನಾಕ ಆಗಲಿಲ್ಲ. ನಿಮಗ ಏನಂತ ಅನಲಿ?"

ಅವರು ಕರಾರು ತೆಗೆದು ಇನ್ನೊಮ್ಮೆ ಓದಿದರು. ಮನೆ ಬಿಡುವುದಿಲ್ಲ ಎಂದರು. ನಾನು ಉಸಿರು ಬಿಟ್ಟೆ. ಆದರೆ ಮಾತು ಮುಗಿದಿರಲಿಲ್ಲ. ಚೀಲಕ್ಕೆ ಚೀಲ ಬರಬೇಕು. ಅಲ್ಲದೆ ತಮ್ಮ ಮನೆಗೆ ಸ್ಲ್ಯಾಬ್ ಬಿದ್ದು ಗಟ್ಟಿಯಾಗುವತನಕ ಐದನೇ ಮನೆಯಲ್ಲಿ ಒಂದು ಬುಟ್ಟಿ ಗಾರೆಯೂ ಕಲಸಬಾರದು. ತಮ್ಮ ಸಿಮೆಂಟಿನಿಂದ ಮುಂದೆ ಹೋದ ಮನೆ ತಮಗಾಗಿ ನಿಂತು ಕಾಯಲಿ. ಇಷ್ಟು ಹೇಳಿ ಕರಾರು ಮಡಿಸಿದರು. ಕಾಂಟ್ರಾಕ್ಟರ್ ನ್ಯಾಯ ಎಂದ.

ಮೂರನೇ ಮನೆಗೆ ಗೋಡೆ ಏರಿ ಸ್ಲ್ಯಾಬ್ ಬೀಳಲು ಒಂದೂವರೆ ತಿಂಗಳು ಬೇಕು. ಅದು ಗಟ್ಟಿಯಾದ ಮೇಲೆ ನಮ್ಮದಕ್ಕೆ ಗೋಡೆಯ ಗಿಲಾವು, ನೆಲದ ಫರಸಿ, ಬಾಗಿಲು. ಕಾರಹುಣ್ಣಿಮೆ ದಾಟಿಹೋಗುತ್ತದೆ. ನಾನು ಬೆರಳು ಮಡಿಸಿ ಎಣಿಸಿದೆ, ಮತ್ತೆ ಎಣಿಸಿದೆ, ಎಷ್ಟು ಸಲ ಎಣಿಸಿದರೂ ದಾಟುತ್ತಿತ್ತು.

ಇಲ್ಲಿ ಇನ್ನೊಂದು ಹೇಳಬೇಕು, ನಾಚಿಕೆಯದು. ನಮ್ಮ ಸ್ಲ್ಯಾಬ್ ಬಿದ್ದ ಹನ್ನೊಂದನೇ ದಿನಕ್ಕೆ ಮುಧೋಳದವನು ಮಗ್ಗದ ಬಾಕಿ ದುಡ್ಡು ತಂದು ಮಗನ ಕೈಗಿಟ್ಟ. ಹನ್ನೊಂದು ದಿನ ಸುಮ್ಮನೆ ಕೂತಿದ್ದರೆ ನಮ್ಮ ದುಡ್ಡಿನಲ್ಲೇ ನಮ್ಮ ಸ್ಲ್ಯಾಬ್ ಬೀಳುತ್ತಿತ್ತು, ಮನೆಯೂ ಹೊತ್ತಿಗೆ ಸರಿಯಾಗಿ ಮುಗಿಯುತ್ತಿತ್ತು.

ಆದರೂ ಬುದ್ಧಿ ಒಮ್ಮೆಲೇ ಬರುವುದಿಲ್ಲವಲ್ಲ. ಸಿಮೆಂಟ್ ಅಂಗಡಿಗೆ ಹೋಗಿ ಇಪ್ಪತ್ತೈದು ಚೀಲ ಹೇಳಿದೆ. ಮೂರು ಹೆಚ್ಚು. ಅದನ್ನು ಟೆಂಪೊದಲ್ಲಿ ಹಾಕಿಸಿಕೊಂಡು ಮೂರನೇ ಮನೆಯ ಮುಂದೆ ಇಳಿಸಿ ಕಾಂಟ್ರಾಕ್ಟರನಿಗೆ ಹೇಳಿದೆ, ಬೀಳಗಿಯವರಿಗೆ ಫೋನ್ ಹಚ್ಚಿ ಮಾತಾಡು, ಮೂರು ಚೀಲ ಹೆಚ್ಚಿಗೆ ಕೊಡುತ್ತೇನೆ, ನಮ್ಮ ಮನೆಯ ಗಿಲಾವು ಶುರು ಮಾಡಲು ಬಿಡಲಿ.

ಅವನು ಹಣೆ ಬಡಿದುಕೊಂಡ. "ಮೌಶಿ, ಕಾಯೂ ದಿನ ಕಡಿಮಿ ಮಾಡ್ರಿ ಅಂತ ಮ್ಯಾಲೆ ಮೂರು ಚೀಲ ಕೊಡಾಕತ್ತೀರಿ. ಬಡ್ಡಿ ಅಂದ್ರ ಮತ್ತೇನ? ರೊಕ್ಕ ಇದ್ರೂ ಬಡ್ಡಿನ, ಸಿಮೆಂಟ್ ಇದ್ರೂ ಬಡ್ಡಿನ."

ಮೂರು ಚೀಲ ತಿರುಗಿ ಟೆಂಪೊ ಹತ್ತಿದವು. ಉಳಿದ ಇಪ್ಪತ್ತೆರಡನ್ನು ಅವನು ಒಂದೊಂದಾಗಿ ಮುಟ್ಟಿ ನೋಡಿದ. ಅದೇ ಕಂಪನಿಯದೇ, ಗಟ್ಟಿಯಾಗಿಲ್ಲವೇ, ಚೀಲದ ಮೇಲಿನ ತಾರೀಖು ಯಾವುದು ಎಂದೆಲ್ಲ ನೋಡಿ ಟಾರ್ಪಾಲು ಹೊದಿಸಿದ. ನಮ್ಮ ಸೆಂಟ್ರಿಂಗ್ ತಗಡಿನ ಹೆಚ್ಚಿನ ದಿನಗಳ ಬಾಡಿಗೆಯನ್ನು ನನ್ನ ಲೆಕ್ಕಕ್ಕೆ ಹಿಡಿಯುತ್ತಾನೆ ಎಂದುಕೊಂಡಿದ್ದೆ. ಅದನ್ನು ತನ್ನ ಲಾಭದಲ್ಲಿ ಮುರಿದುಕೊಂಡ. ದುಡ್ಡು ಬರುವ ಮೊದಲೇ ತಗಡು ಹೊಂದಿಸಿದ್ದು ತನ್ನ ಅವಸರ ಎಂದ. ಇವನು ಉಳಿಯುವುದು ಹೇಗೆ ಎಂದು ನನಗೆ ಇವತ್ತಿಗೂ ಆಶ್ಚರ್ಯ. ಉಳಿದಿದ್ದಾನೆ.

ಕಾರಹುಣ್ಣಿಮೆ ಬಂತು. ಮಾಲೀಕರಿಗೆ ಮನೆ ಬಿಟ್ಟುಕೊಟ್ಟೆವು. ಪಾತ್ರೆಗಂಟು ಹೊತ್ತು ನಾವು ಹೋದದ್ದು ರಬಕವಿಗೆ, ಆ ಗೆಳತಿಯ ಮನೆಗೆ. ಅವಳು ಬಾಗಿಲಲ್ಲೇ ನಿಂತಿದ್ದಳು.

"ಬಾ ಬೇ ಸಿಮೆಂಟ್ ಕಳ್ಳಿ," ಎಂದಳು. "ನಮ್ಮ ಅಡಗಿ ಮನ್ಯಾಗ ಅಕ್ಕಿ ಚೀಲ ಎಷ್ಟದಾವು ಅಂತ ಎಣಿಸಿ ಇಟ್ಟೇನಿ."

ಅವಳು ನಮಗೆ ಹಿಂದಿನ ಕೋಣೆ ಬಿಟ್ಟುಕೊಟ್ಟಳು. ನಮ್ಮ ಒಲೆ ಬೇರೆ, ಅವರ ಒಲೆ ಬೇರೆ, ಚಹಾ ಒಂದೇ. ಬಾಡಿಗೆ ಕೊಡುತ್ತೇನೆ ಎಂದೆ. ನಿನ್ನ ಮನೆಯಲ್ಲಿ ನನ್ನ ಮಗ ಕದ್ದ ಹೋಳಿಗೆಯ ಲೆಕ್ಕ ಮೊದಲು ಮುಗಿಯಲಿ ಎಂದಳು. ಅವಳ ಮಗ ಇದನ್ನು ಕೇಳಿಸಿಕೊಂಡು, ಅದೂ ನಿಮ್ಮನ್ನು ಕೇಳದೇ ತಗೊಂಡದ್ದು, ಮಾಫ್ ಮಾಡಿದ್ದೀರೋ ಇಲ್ಲವೋ ಎಂದು ನನ್ನನ್ನು ಕೇಳಿದ. ನಗುತ್ತ ಕೇಳಿದ, ಆದರೆ ಉತ್ತರ ಬರುವತನಕ ಎದ್ದು ಹೋಗಲಿಲ್ಲ.

ಅಷ್ಟು ಹೊತ್ತಿಗೆ ಮೂರನೇ ಮನೆಯ ಸ್ಲ್ಯಾಬ್ ಬಿದ್ದಿತ್ತು. ಸ್ಲ್ಯಾಬ್ ಹಾಕಿದ ಮೇಲೆ ಎರಡು ವಾರ ಅದರ ಮೇಲೆ ನೀರು ನಿಲ್ಲಿಸಬೇಕು, ಇಲ್ಲದಿದ್ದರೆ ಬಿರಿಯುತ್ತದೆ. ಸುತ್ತಲೂ ಗಾರೆಯ ಸಣ್ಣ ಒಡ್ಡು ಕಟ್ಟಿ ಬೆಳಗ್ಗೆ ಸಂಜೆ ನೀರು ತುಂಬಬೇಕು. ಆ ವರ್ಷ ಮಳೆಯೂ ಮೋಡ ತೋರಿಸಿ ಹೋಗುತ್ತಿತ್ತು. ಮಾಲೀಕರು ಬೀಳಗಿಯಲ್ಲಿ. ಬೇರೆಯವರ ಮನೆಗೆ ಮನಸ್ಸಿಟ್ಟು ನೀರು ಹಾಕುವವರು ಯಾರು?

ನಾನು ಹಾಕುತ್ತೇನೆ ಎಂದೆ. ಯಾರೂ ನನ್ನನ್ನು ಕೇಳಿರಲಿಲ್ಲ. ರಬಕವಿಯಿಂದ ಆಟೊ ಹಿಡಿದು ಬೆಳಗ್ಗೆ ಹೋಗುತ್ತಿದ್ದೆ, ಸಂಜೆ ಇನ್ನೊಮ್ಮೆ. ಮೇಸ್ತ್ರಿ ಏಣಿ ಹಿಡಿದುಕೊಳ್ಳುತ್ತಿದ್ದ, ನಾನು ಸೀರೆ ಕಚ್ಚೆ ಹಾಕಿ ಏರುತ್ತಿದ್ದೆ. ನನ್ನ ಮಾತು ನಂಬುವುದನ್ನು ಮೇಸ್ತ್ರಿ ಬಿಟ್ಟಿದ್ದ. ನಾನು ಏನೇ ಹೇಳಿದರೂ ಕಾಂಟ್ರಾಕ್ಟರನಿಗೆ ಫೋನ್ ಹಚ್ಚಿ ಕೇಳುತ್ತಿದ್ದ. ಪೈಪಿನ ನಲ್ಲಿ ತಿರುಗಿಸು ಎಂದರೂ ಕೇಳುತ್ತಿದ್ದ. ಅದನ್ನು ನಾನು ನುಂಗಿಕೊಂಡೆ.

ಮೊದಲ ದಿನ ನೀರು ತುಂಬಿದ ಮೇಲೆ ಅಲ್ಲೇ ಮೇಲೆ ಕೂತು ಬೀಳಗಿಯವರಿಗೆ ಸಂದೇಶ ಟೈಪ್ ಮಾಡಿದೆ. ಅದು ನನ್ನ ಎರಡನೆಯ ಸಂದೇಶ. ನಿಮ್ಮ ಮನಿ ಮ್ಯಾಲೆ ನೀರು ಹಾಕೇನಿ, ನಾಲ್ಕು ಬೆರಳು ನಿಂತಾವು, ಐದನೇ ಮನಿ ಮುದುಕಿ.

ಉತ್ತರ ಬರಲಿಲ್ಲ. ಮರುದಿನವೂ ಬರೆದೆ. ಮೂರನೇ ದಿನ ಬಂತು. ಅವರೂ ಒಂದೇ ಬೆರಳಿನಿಂದ ಬರೆಯುವವರಿರಬೇಕು, ಅಕ್ಷರದ ನಡುವೆ ಜಾಗವೇ ಇರಲಿಲ್ಲ. ಇದು ಖರೇನೋ, ಮೇಸ್ತ್ರಿಗೆ ಬರೆದಂಗೋ ಎಂದು ಕೇಳಿದ್ದರು.

ಅದನ್ನು ಓದಿ ಎದೆಗೆ ಚುಚ್ಚಿತು. ಆಮೇಲೆ ನಗುವೂ ಬಂತು. ಫೋಟೊ ತೆಗೆಯುವುದನ್ನು ಸೊಸೆ ಇನ್ನೂ ಕಲಿಸಿರಲಿಲ್ಲ. ಮೇಸ್ತ್ರಿಯನ್ನು ಮೇಲೆ ಕರೆದು ತೆಗೆಸಿದೆ. ಅವನು ಅದಕ್ಕೂ ಕಾಂಟ್ರಾಕ್ಟರನನ್ನು ಕೇಳಿ ತೆಗೆದ. ಫೋಟೊದಲ್ಲಿ ನೀರು, ನೀರಿನೊಳಗೆ ಆಕಾಶ, ಒಂದು ಮೂಲೆಯಲ್ಲಿ ನನ್ನ ಎರಡು ಕಾಲು.

ಅಲ್ಲಿಂದ ಹದಿನಾಲ್ಕನೇ ದಿನದವರೆಗೂ ದಿನಾ ಫೋಟೊ ಹೋಯಿತು. ಕೊನೆಯ ದಿನ ಅವರು ಫೋನನ್ನೇ ಹಚ್ಚಿದರು. ನೀರು ಸಾಕೋ, ಇನ್ನೂ ಬೇಕೋ ಎಂದು ಕೇಳಿದೆ.

"ಸಾಕ್ರಿ, ಬಿಡ್ರಿ ಇನ್ನ," ಎಂದರು. "ಸಾಕೋ ಬೇಕೋ ಅಂತ ನನ್ನ ಕೇಳಿ ನನ್ನ ಮನಿ ಮ್ಯಾಲೆ ನೀರು ನಿಲ್ಲಿಸಿದ್ದು ಇದ ಮೊದಲ. ನಾಳಿಂದ ನಿಮ್ಮ ಗಿಲಾವು ಶುರು ಮಾಡಸ್ರಿ, ಕಾಂಟ್ರಾಕ್ಟರಿಗೆ ನಾ ಹೇಳತೇನಿ. ನೀವು ಹೇಳಬ್ಯಾಡ್ರಿ, ಯಾರೂ ನಂಬಾಂಗಿಲ್ಲ."

ನಾನು ಒಡ್ಡಿನ ಒಂದು ಮೂಲೆ ಒಡೆದೆ. ನೀರು ಸಣ್ಣಗೆ ಇಳಿದು ಅವರ ಅಂಗಳಕ್ಕೆ ಹೋಯಿತು. ಕೆಳಗೆ ಮೇಸ್ತ್ರಿ ಕಿವಿಗೆ ಫೋನ್ ಹಿಡಿದು, ಅಜ್ಜಿ ನೀರು ಬಿಡಾಕತ್ತಾಳ, ಬಿಡ್ಲೇನ್ರಿ ಎಂದು ಕೇಳುತ್ತಿದ್ದ.